ಹೊರಗಿನ ಚಿಲಕ

ಮೂರನೆಯ ವಿದ್ಯಾರ್ಥಿಯ ಹಾಳೆಯಲ್ಲೂ ಲೇಖಕಿ ಅದೇ ಪದವನ್ನು ಹೊಡೆದುಹಾಕಿದರು. ‘ಕೋಣೆಯ ಚಿಲಕ ಒಳಗಿನಿಂದ ಹಾಕಿತ್ತು’ ಎಂದಿತ್ತು. ಕೆಂಪು ಶಾಯಿಯಲ್ಲಿ ‘ಒಳಗಿನಿಂದ’ ಹೋಯಿತು, ‘ಹೊರಗಿನಿಂದ’ ಬಂತು.

ಮುಂಬಾಗಿಲ ಪಕ್ಕದ ಕುರ್ಚಿಯಿಂದ ತಂಗಿಯ ಮಗ ಕೈ ಚಾಚಿದ. ಈ ಮನೆಯಿಂದ ಹೊರಹೋಗುವ ಕಾಗದವೆಲ್ಲ ಅವನ ಕಣ್ಣು ದಾಟಿಯೇ ಹೋಗಬೇಕು.

"ಏನು ದೊಡ್ಡಮ್ಮ, ಮೂರರಲ್ಲೂ ಇದನ್ನೇ ತಿದ್ದಿದ್ದೀರಿ? ಪತ್ತೇದಾರಿ ಕಥೇಲಿ ಚಿಲಕ ಒಳಗಿನಿಂದ ಇದ್ದರೆ ತಾನೆ ರಹಸ್ಯ. ಹೊರಗಿನಿಂದ ಯಾರು ಬೇಕಾದರೂ ಹಾಕ್ತಾರೆ."

"ಯಾರು ಬೇಕಾದರೂ ಹಾಕಲ್ಲಪ್ಪ. ಮನೆಯವರೇ ಹಾಕೋದು."

ಅವನು ನಕ್ಕ. ಮೂವರು ವಿದ್ಯಾರ್ಥಿಗಳ ಕಡೆ ನೋಡಿ, "ಅರಳು ಮರಳು. ಬೇಜಾರು ಮಾಡ್ಕೋಬೇಡಿ," ಎಂದು ಹಾಳೆಗಳನ್ನು ಹಂಚಿದ. ಟೈಲರಮ್ಮ ತನ್ನದನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ನರ್ಸು ಗಡಿಯಾರ ನೋಡಿದಳು. ಕಂಡಕ್ಟರ್ ಆಕಳಿಸಿದ.

ಮೂವತ್ತೊಂದು ಪತ್ತೇದಾರಿ ಕಾದಂಬರಿ ಬರೆದ ಕೈ ಅದು. ಮೂರು ವರ್ಷದ ಹಿಂದೆ ಲೇಖಕಿ ಜಾರಿ ಬಿದ್ದು ಮಂಡಿ ಮುರಿದುಕೊಂಡಾಗ, ನೋಡಿಕೊಳ್ಳಲೆಂದು ಬಂದವನು ಇವನು. ಮಂಡಿ ಕೂಡಿತು, ಇವನು ಹೋಗಲಿಲ್ಲ. ಮೊದಲು ಫೋನು ರಿಪೇರಿಗೆ ಹೋಯಿತು. ಆಮೇಲೆ ಚಪ್ಪಲಿ ಕಾಣೆಯಾಯಿತು. ಆಮೇಲೆ ಬರೆಯುವ ಕೋಣೆಯ ಬಾಗಿಲಿಗೆ ಹೊರಗಡೆ ಹೊಸ ಚಿಲಕ ಬಂತು. ದೊಡ್ಡಮ್ಮನಿಗೆ ನೆನಪು ಕೈಕೊಟ್ಟಿದೆ, ದಾರಿ ತಪ್ಪಿಬಿಡುತ್ತಾರೆ ಎಂದು ಅಕ್ಕಪಕ್ಕದವರಿಗೆ ಹೇಳಿದ. ಯಾರೋ ಡಾಕ್ಟರ ಕಾಗದವನ್ನೂ ತಂದು ತೋರಿಸಿದ. ನೆನಪಿಲ್ಲದ ಹೆಂಗಸಿನಿಂದ ಕಾದಂಬರಿ ಹೇಗೆ ಬರುತ್ತಿದೆ ಎಂದು ಒಬ್ಬರೂ ಕೇಳಲಿಲ್ಲ. ದಿನಕ್ಕೆ ಹತ್ತು ಪುಟ. ಹತ್ತು ಮುಗಿದರೆ ಅವರಿಗೆ ಊಟ, ಅವನಿಗೆ ದುಡ್ಡು.

ಹೊಸ ಮುಖ ನೋಡದೆ ಹೊಸ ಕಥೆ ಹುಟ್ಟುವುದಿಲ್ಲ ಎಂದು ಹಟ ಹಿಡಿದು, ನಾಲ್ಕು ದಿನ ಉಪವಾಸ ಕೂತು, ಗಿಟ್ಟಿಸಿಕೊಂಡದ್ದು ಈ ಶನಿವಾರದ ತರಗತಿ. ತರಗತಿಯ ಹೊತ್ತಿನಲ್ಲಿ ಮುಂಬಾಗಿಲಿಗೆ ಬೀಗವಿಲ್ಲ. ಅಲ್ಲಿ ಅವನೇ ಬೀಗ.

ಮೊದಲ ಪಾಠ ಹೆಜ್ಜೆಗುರುತಿನದು. ಲೇಖಕಿ ಬರಿಗಾಲನ್ನು ಹಾಳೆಯ ಮೇಲಿಟ್ಟಿದ್ದರು. ಟೈಲರಮ್ಮ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದಿದ್ದಳು.

"ಇದನ್ನ ನೋಡಿದರೆ ಈ ಹೆಂಗಸಿನ ಬಗ್ಗೆ ಏನು ತಿಳಿಯುತ್ತೆ?"

ಕಾಲಿಗೆ ಚಪ್ಪಲಿ ಇಲ್ಲ, ಯಾಕಿಲ್ಲ ಎಂದು ಯಾರಾದರೂ ಕೇಳಿಯಾರೆಂದು ಕಾದರು.

"ಎಡಗಾಲು," ಎಂದಿದ್ದ ಕಂಡಕ್ಟರ್.

ಈಗ ಈ ಕೆಂಪು ಶಾಯಿ. ಮುಂದಿನ ಶನಿವಾರ ಮೂವರೂ ಸೇರಿ ಒಂದೇ ಕಥೆ ಬರೆದು ತಂದರು. ಒಡವೆ ಅಂಗಡಿ, ಬಾಗಿಲಲ್ಲಿ ಕಾವಲುಗಾರ, ಮೂವರು ಕಳ್ಳರು. ಚಿಲಕದ ಮಾತೇ ಇಲ್ಲ. ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು ಎಂದುಕೊಂಡು ಲೇಖಕಿ ಪೆನ್ನಿನ ಮುಚ್ಚಳ ಹಾಕಿದರು.

ಕಥೆಗೆ ಮನಸೋತವನು ತಂಗಿಯ ಮಗ. ಹರೆಯದಲ್ಲಿ ಅವನೂ ಪತ್ರಿಕೆಗಳಿಗೆ ಕಥೆ ಕಳಿಸಿದ್ದ. ಹೋದಷ್ಟೂ ವಾಪಸ್ಸು ಬಂದಿದ್ದವು.

"ಟೀಲಿ ನಿದ್ದೆ ಮಾತ್ರೆ ಹಾಕ್ತೀರಾ? ಸವಕಲು ಐಡಿಯಾ. ಕಾವಲುಗಾರ ಯಾರೋ ಕೊಟ್ಟ ಟೀ ಕುಡಿಯಲ್ಲ."

"ಮತ್ತೆ ಅವನನ್ನ ಕುರ್ಚಿಯಿಂದ ಎಬ್ಬಿಸೋದು ಹೆಂಗೆ ಸಾರ್?" ಎಂದ ಕಂಡಕ್ಟರ್. "ನಮ್ಮ ಬಸ್ಸಲ್ಲೂ ಕೂತೋರು ಏಳಲ್ಲ."

"ಅವನಿಗೆ ಅದಕ್ಕಿಂತ ದೊಡ್ಡ ಕುರ್ಚಿ ತೋರಿಸಬೇಕು. ಎಂಥವನಿಗೂ ಒಂದು ಚಪಲ ಇರುತ್ತೆ ಕಣ್ರೀ."

ಮೂವರೂ ಬರೆದುಕೊಂಡರು. ಲೇಖಕಿಯ ಪಾಠವನ್ನು ಅವರು ಎಂದೂ ಅಷ್ಟು ಶ್ರದ್ಧೆಯಿಂದ ಬರೆದುಕೊಂಡಿರಲಿಲ್ಲ.

ಅಂದೇ ತಂಗಿಯ ಮಗ ಹೇಳಿದ, "ಬರೋ ಶನಿವಾರ ಕೊನೇ ತರಗತಿ. ಸೋಮವಾರ ದೊಡ್ಡಮ್ಮನ್ನ ಬೇರೆ ಊರಿಗೆ ಕರ್ಕೊಂಡು ಹೋಗ್ತಿದ್ದೀನಿ. ಒಂಟಿ ಮನೆ. ಬರೆಯೋಕೆ ಪ್ರಶಾಂತವಾಗಿರುತ್ತೆ."

"ಒಳ್ಳೇದಾಯ್ತು ಬಿಡಿ," ಎಂದಳು ಟೈಲರಮ್ಮ.

ಆ ವಾರವೆಲ್ಲ ಲೇಖಕಿ ಹತ್ತು ಪುಟ ಬರೆದರು, ಉಂಡರು, ಮಲಗಿದರು. ಅವರ ಮೂವತ್ತೊಂದು ಪುಸ್ತಕಗಳಲ್ಲಿ ಸಿಕ್ಕಿಬಿದ್ದವರೆಲ್ಲ ಹೇಗೋ ಪಾರಾಗುತ್ತಿದ್ದರು. ಅಷ್ಟೂ ಉಪಾಯಗಳನ್ನು ಒಂದೊಂದಾಗಿ ನೆನೆದು ನೋಡಿದರು. ಯಾವುದಕ್ಕೂ ಹೊರಗೆ ಒಬ್ಬ ಬುದ್ಧಿವಂತ ಬೇಕಿತ್ತು.

ಕೊನೆಯ ಶನಿವಾರ ನರ್ಸು ಕಥೆ ಓದಿ ಅರ್ಧಕ್ಕೇ ನಿಲ್ಲಿಸಿದಳು. ಹಾಳೆಯನ್ನು ಲೇಖಕಿಗೆ ಕೊಡಲಿಲ್ಲ. ಬಾಗಿಲ ಬಳಿಗೆ ಒಯ್ದಳು.

"ಮುಕ್ತಾಯ ನಮ್ಮ ಕೈಲಿ ಆಗ್ತಿಲ್ಲ ಸಾರ್. ನೀವೇ ಬರೆದುಕೊಡಬೇಕು."

"ದೊಡ್ಡಮ್ಮ ಇದ್ದಾರಲ್ಲ?"

"ಮೇಡಂದು ಹಳೇ ಕಾಲದ ಶೈಲಿ," ಎಂದ ಕಂಡಕ್ಟರ್. "ಅವರ ಕೋಣೇಲೇ ಕೂತು ಬರೀರಿ ಸಾರ್. ಆ ಕುರ್ಚಿಗೆ ತಕ್ಕವರು ಕೂರಬೇಕು."

ಲೇಖಕಿ ತಲೆ ತಗ್ಗಿಸಿದರು. ಇಷ್ಟು ದಿನ ತಂಗಿಯ ಮಗ ಅನ್ನ ಒಂದು ಬಿಟ್ಟು ಮಿಕ್ಕಿದ್ದನ್ನೆಲ್ಲ ಕಿತ್ತುಕೊಂಡಿದ್ದ. ಈಗ ಶಿಷ್ಯರೇ ನಿಂತು ಕುರ್ಚಿಯನ್ನೂ ಕೊಡಿಸುತ್ತಿದ್ದರು.

ಅವನು ಮುಂಬಾಗಿಲನ್ನು ನೋಡಿದ. ದೊಡ್ಡಮ್ಮನ ಬರಿಗಾಲನ್ನು ನೋಡಿದ. ಅಂಗಿ ಸರಿಮಾಡಿಕೊಂಡು ಕೋಣೆಗೆ ಹೋದ. ಕುರ್ಚಿ ಎಳೆದ ಸದ್ದು. ಪೆನ್ನಿನ ಮುಚ್ಚಳ ತೆಗೆದ ಸದ್ದು.

ಆಮೇಲೆ ಚಿಲಕ ಬಿದ್ದ ಸದ್ದು. ಹೊರಗಿನಿಂದ.

ಲೇಖಕಿ ತಲೆ ಎತ್ತಿದಾಗ ನರ್ಸು ಚಿಲಕದಿಂದ ಕೈ ತೆಗೆಯುತ್ತಿದ್ದಳು. "ನಮ್ಮ ಆಸ್ಪತ್ರೆ ಡಾಕ್ಟರಮ್ಮ ಕಾಯ್ತಿದ್ದಾರೆ ಮೇಡಂ. ನಿಮ್ಮ ತಲೆ ನೆಟ್ಟಗಿದೆ ಅಂತ ಅವರು ಬರೆದುಕೊಟ್ಟ ಮೇಲೆ ಪೊಲೀಸ್ ಸ್ಟೇಷನ್."

ಟೈಲರಮ್ಮ ಚೀಲದಿಂದ ಪೆನ್ಸಿಲ್ ಗೆರೆಯ ಹಳೆಯ ಹಾಳೆ ತೆಗೆದಳು. ಅದರಲ್ಲಿ ಸುತ್ತಿಟ್ಟಿದ್ದ ಹೊಸ ಚಪ್ಪಲಿಗಳನ್ನು ಕಂಡಕ್ಟರ್ ನೆಲಕ್ಕೆ ಬಾಗಿ ಲೇಖಕಿಯ ಮುಂದಿಟ್ಟ.

"ಎಡಗಾಲು," ಎಂದ.