ಪಕ್ಕದ ಸೀಟಿನ ಪೆಡಲು

"ಮೇಷ್ಟ್ರೇ, ನೀವು ಇಳೀರಿ. ಪಕ್ಕದಲ್ಲಿ ನಾನು ಕೂರ್ತೀನಿ."

ಆರ್‌ಟಿಓ ಆಫೀಸಿನ ಹೊಸ ಇನ್ಸ್‌ಪೆಕ್ಟರ್ ಹಾಗೆಂದಾಗ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಸೀಟನ್ನೊಮ್ಮೆ ಬಿಗಿಯಾಗಿ ಹಿಡಿದು, ಆಮೇಲೆ ಒಲ್ಲದ ಮನಸ್ಸಿನಿಂದ ಇಳಿದರು. ಅವರ ವಿದ್ಯೆಯೆಲ್ಲ ಇದ್ದದ್ದು ಆ ಸೀಟಿನ ಕೆಳಗೆ. ಕಲಿಸುವವರ ಕಾಲಿಗೆಂದು ಅಲ್ಲೊಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಗ್ಯಾರೇಜಿನವನಿಗೆ ಹೇಳಿ ಆಕ್ಸಿಲರೇಟರನ್ನೂ ಹಾಕಿಸಿಕೊಂಡಿದ್ದರು. ಪರೀಕ್ಷೆಯ ದಿನ ಅಭ್ಯರ್ಥಿ ಸ್ಟೀರಿಂಗ್ ಹಿಡಿದು ಗಂಭೀರವಾಗಿ ಕೂತರೆ ಸಾಕು, ಮಿಕ್ಕಿದ್ದನ್ನು ಮೇಷ್ಟ್ರ ಕಾಲು ನೋಡಿಕೊಳ್ಳುತ್ತಿತ್ತು. ಹಳೆಯ ಇನ್ಸ್‌ಪೆಕ್ಟರ್ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು, ಅರ್ಧ ಕಣ್ಣು ತೆರೆದು ಪೂರ್ತಿ ಸಹಿ ಹಾಕುತ್ತಿದ್ದರು. ಊರಿನ ಅರ್ಧ ಲೈಸೆನ್ಸುಗಳು ಹುಟ್ಟಿದ್ದು ಹೀಗೆ.

ಹೊಸಬರು ಬೆಂಕಿಯಂತೆ. ಸರ್ಕಾರ ಕೊಟ್ಟ ಜೀಪನ್ನು ಆಫೀಸಿನ ಹಿಂದೆ ನಿಲ್ಲಿಸಿ ದಿನಾ ಬಸ್ಸಿನಲ್ಲಿ ಓಡಾಡುತ್ತಾರಂತೆ. ಅಷ್ಟು ಪ್ರಾಮಾಣಿಕರನ್ನು ಮೇಷ್ಟ್ರು ಈ ಜನ್ಮದಲ್ಲಿ ಕಂಡಿರಲಿಲ್ಲ.

ಸಾಲದ್ದಕ್ಕೆ ಸ್ಟೀರಿಂಗ್ ಹಿಂದೆ ಕೂತಿದ್ದವನು ಅವರ ಬಾಮೈದ. ಕ್ಲಚ್ ಯಾವುದಪ್ಪಾ ಎಂದರೆ ಹಾರನ್ ಒತ್ತಿ ತೋರಿಸುವ ಜಾಣ. ಸಿಕ್ಕಿಬಿದ್ದರೆ ಸ್ಕೂಲಿಗೆ ಬೀಗ, ಅವನು ಫೇಲಾದರೆ ಮನೆ ಬಾಗಿಲಿಗೂ ಬೀಗ.

ಇನ್ಸ್‌ಪೆಕ್ಟರ್ ಬಗ್ಗಿ ನೋಡಿದರು. "ಈ ಕಡೆ ಪೆಡಲೂ ಕೆಲಸ ಮಾಡತ್ತಲ್ಲಾ?"

"ಅದು... ಏನಾದ್ರೂ ಅಪಾಯ ಬಂದ್ರೆ ಅಂತ, ಸಾರ್."

"ಗೊತ್ತು ಬಿಡಿ," ಎಂದು ಬಾಗಿಲು ಎಳೆದುಕೊಂಡರು.

ಮೇಷ್ಟ್ರು ಕಣ್ಣು ಮುಚ್ಚಿದರು. ಗೋಡೆಗೆ ಗುದ್ದಿದ ಸದ್ದು ಬರಲಿಲ್ಲ. ಒಂದು ಕಣ್ಣು ತೆರೆದರು. ಕಾರು ಕುಪ್ಪಳಿಸಿತು, ಮುಗ್ಗರಿಸಿತು, ಆಮೇಲೆ ದಾರಿಗೆ ಬಂತು. ಎಂಟರ ಆಕಾರ ಸುತ್ತಿತು. ದಿಣ್ಣೆಯ ಮೇಲೆ ನಿಂತು, ಹಿಂದಕ್ಕೆ ಜಾರದೆ ಹೊರಟಿತು. ಮೇಷ್ಟ್ರ ಎದೆ ಉಬ್ಬಿತು. ಅಬ್ಬಾ, ಕೊನೆಗೂ ಒಬ್ಬನಿಗೆ ಕಲಿಸಿಬಿಟ್ಟೆನಲ್ಲ!

ಬಾಮೈದ ಇಳಿದು ಓಡಿಬಂದ. "ಪಾಸಂತೆ ಭಾವ! ಆದ್ರೆ ದೇವರಾಣೆ, ನಾನು ಕಾಲೇ ಅಲ್ಲಾಡಿಸ್ಲಿಲ್ಲ."

ಉಬ್ಬಿದ ಎದೆ ಧಸಕ್ಕೆಂದಿತು. ಇನ್ನೇನು, ಕಳ್ಳ ಸಿಕ್ಕಿಬಿದ್ದ ಹಾಗೇ. ಇನ್ಸ್‌ಪೆಕ್ಟರ್ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ ನೇರ ಅವರ ಬಳಿಗೇ ಬಂದರು. ಬಾಮೈದನನ್ನು ಆಚೆ ಕಳಿಸಿ, ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ಗುರುತು ಸಿಗ್ಲಿಲ್ವಾ ಮೇಷ್ಟ್ರೇ? ಕಾಲೇಜಲ್ಲಿದ್ದಾಗ ನನಗೂ ಲೈಸೆನ್ಸ್ ಕೊಡಿಸಿದ್ದು ನಿಮ್ಮ ಕಾಲೇ. ನಾಳೆ ದೊಡ್ಡ ಸಾಹೇಬ್ರು ಬರ್ತಾರೆ, ಅವರನ್ನ ಕೂರಿಸ್ಕೊಂಡು ಜೀಪು ನಾನೇ ಓಡಿಸ್ಬೇಕಂತೆ. ಕದ್ದುಮುಚ್ಚಿ ಕಲೀತಾ ಇದ್ದೀನಿ. ಈಗ ನೀವೇ ಹೇಳಿ, ನಾನು ಪಾಸಾ?"