ಭೂಪಟದ ಹಿಂದೆ

ಎಂಜಿನಿಯರರ ಜೀಪು ಬರುವ ಮೊದಲೇ ನೀಲವ್ವ ಟೀಚರ್ ಶಾಲೆಯ ಗೋಡೆಗೆ ನೆಲ ಮುಟ್ಟುವಂಥ ಭೂಪಟ ತೂಗುಹಾಕಿದ್ದಳು. ಅದರ ಹಿಂದೆ ಸೂರಿನಿಂದ ಬುಡದವರೆಗೆ ಅಂಗೈ ತೂರುವಷ್ಟು ಬಿರುಕು, ದಿನವೂ ಮಣ್ಣುದುರುತ್ತಿತ್ತು. ಕಟ್ಟಡ ಅಪಾಯವೆಂದು ಸಾಹೇಬರು ಬರೆದರೆ ಶಾಲೆ ಮುಚ್ಚಿ ಮಕ್ಕಳನ್ನು ಹಳ್ಳದಾಚೆಯ ಊರಿನ ಶಾಲೆಗೆ ಸೇರಿಸುತ್ತಾರೆ. ಹಳ್ಳ ದಾಟಿಸಿ ಹೆಣ್ಣುಮಕ್ಕಳನ್ನು ಯಾರೂ ಕಳಿಸುವುದಿಲ್ಲ. ಅಜ್ಜಿ ಕತೆಯ ರಾಕ್ಷಸನ ಪ್ರಾಣ ಗಿಳಿಯೊಳಗಿದ್ದಂತೆ, ಈ ಶಾಲೆಯ ಪ್ರಾಣ ಭೂಪಟದ ಹಿಂದಿತ್ತು.

ಎಂಜಿನಿಯರ್ ಪೆನ್ನಿನಿಂದ ಗೋಡೆ ಕುಟ್ಟುತ್ತ ಬಂದರು. ಭೂಪಟದ ಅಂಚಿನಿಂದ ಹಲ್ಲಿಯೊಂದು ಹೊರಬಿತ್ತು. ಸಾಹೇಬರು ಪೆನ್ನು ತಡೆದು ನಿಂತರು.

"ಹಲ್ಲಿಗೂ ಭೂಗೋಳ ಕಲಿಸಾಕತ್ತೀರೇನ್ರಿ ಅಕ್ಕೋರ?"

"ದಿನಾ ತಪ್ಪದ ಸಾಲಿಗೆ ಬರೋದು ಅದೊಂದ ನೋಡ್ರಿ ಸಾಹೇಬ್ರ," ಅಂದಳು ನೀಲವ್ವ.

ಸಾಹೇಬರು ನಕ್ಕು ಪಕ್ಕದ ಗೋಡೆಗೆ ಸರಿದರು. ಕಡೆಗೆ ‘ಕಟ್ಟಡ ಸುಭದ್ರ’ ಎಂದು ಬರೆದು ಸಹಿ ಹಾಕಿದರು.

ಅವರು ಕಿಟಕಿಯಾಚೆ ನೋಡಿದರು. ಬೇವಿನ ಮರದಡಿ ಮಕ್ಕಳು ಮಗ್ಗಿ ಹೇಳುತ್ತಿದ್ದರು.

"ಇಂಥಾ ಗಟ್ಟಿ ಖೋಲಿ ಇಟ್ಕೊಂಡು ಮಕ್ಕಳನ್ನ ಬಿಸಿಲಾಗ ಕುಂಡ್ರಸೀರಲ್ರಿ! ಇವತ್ತಿಂದ ಒಳಗ."

"ಬ್ಯಾಡ್ರೀ ಸಾಹೇಬ್ರ, ಅಲ್ಲೇ ಗಾಳಿ ಚೊಲೋ ಐತಿ..."

"ಗಾಳಿ ಗೀಳಿ ಏನಿಲ್ಲ. ಬರ್ರೋ ಮಕ್ಕಳ!"

ಇಪ್ಪತ್ತೆರಡು ಮಕ್ಕಳು ಹೋ ಎಂದು ಒಳಗೆ ನುಗ್ಗಿ, ತಂಪು ಸಿಕ್ಕ ಖುಷಿಗೆ ಭೂಪಟಕ್ಕೆ ಬೆನ್ನೊರಗಿಸಿ ಕೂತರು.