ಇಬ್ಬರ ಅಳತೆ

ನೀರಿನ ಟ್ಯಾಂಕಿನ ದಿಬ್ಬದ ಅರ್ಧಕ್ಕೆ ಬರುವಷ್ಟರಲ್ಲಿ ಎಡಗಾಲಿನ ಬೂಟಿನ ಅಟ್ಟೆ ಬಾಯಿ ಬಿಟ್ಟಿತು. ಇನ್ನು ಹತ್ತು ಹೆಜ್ಜೆಗೆ ಬಲಗಾಲಿನದೂ ಅದೇ ಹಾದಿ ಹಿಡಿಯಿತು. ಎಕ್ಸ್‌ರೇ ಅಕ್ಕ ಬೆನ್ನ ಮೇಲಿನ ಚೀಲ ಇಳಿಸಿ ಕಲ್ಲೊಂದರ ಮೇಲೆ ಕುಕ್ಕರಿಸಿದಳು. ಅಭ್ಯಾಸಕ್ಕೆಂದು ಚೀಲದ ತುಂಬ ಹಳೆಯ ಪೇಪರಿನ ಕಟ್ಟು ತುಂಬಿಕೊಂಡಿದ್ದಳು. ಬೆಟ್ಟಸಾಲಿನ ನೆತ್ತಿಯ ಮೇಲೆ ನಲವತ್ತು ದಿನ ನಡೆಯಲು ಹೊರಡುವುದಕ್ಕೆ ಇನ್ನು ಒಂಬತ್ತೇ ದಿನ ಉಳಿದಿತ್ತು.

ದಿಬ್ಬದ ಕೆಳಗಿನ ಚಪ್ಪಲಿ ಹೊಲಿಯುವವನು ಬೂಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಎಷ್ಟು ದೂರ ನಡೆದಿದೀರಿ ಇದ್ರಲ್ಲಿ?"

"ನಡೆದೇ ಇಲ್ಲ. ಹಾಳಾಗ್ಬಾರ್ದು ಅಂತ ಹನ್ನೆರಡು ವರ್ಷ ಪೇಪರಲ್ಲಿ ಸುತ್ತಿ ಇಟ್ಟಿದ್ದೆ."

"ಅದಕ್ಕೇ ಹಾಳಾಗಿದೆ. ಈ ಥರದ ಅಟ್ಟೆ ತುಳಿದಷ್ಟೂ ಗಟ್ಟಿ. ಸುಮ್ನೆ ಇಟ್ರೆ ಒಳಗೊಳಗೇ ಸಾಯುತ್ತೆ." ಬೆರಳಲ್ಲಿ ಒತ್ತಿದ, ಅಟ್ಟೆ ಬಿಸ್ಕತ್ತಿನ ಹಾಗೆ ಉದುರಿತು. "ಹೊಲಿಯೋಕೆ ಏನಾದ್ರೂ ಉಳಿದಿದ್ರೆ ತಾನೇ ಅಕ್ಕಾ, ಹೊಲಿಯೋದು?"

ಹೊಸ ಬೂಟಿನ ಮಾತೇ ಇರಲಿಲ್ಲ. ಕೈಯಲ್ಲಿದ್ದದ್ದು ಬಸ್ಸಿಗೂ ದಾರಿಯ ಊಟಕ್ಕೂ ಅಷ್ಟಕ್ಕಷ್ಟೇ ಸರಿಹೋಗುತ್ತಿತ್ತು. ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಇಪ್ಪತ್ತಾರು ವರ್ಷ "ಉಸಿರು ಹಿಡ್ಕೊಳ್ಳಿ, ಬಿಡಿ" ಎಂದು ಹೇಳುತ್ತ ದುಡಿದ ಸಂಬಳ ಬಾಡಿಗೆಗೆ, ಅಮ್ಮನ ಔಷಧಿಗೆ ಎಂದು ಬಂದ ಹಾಗೆಯೇ ಹೋಗಿತ್ತು. ಬರಿಗಾಲಿಗೆ ರಬ್ಬರ್ ಚಪ್ಪಲಿ ಸಿಕ್ಕಿಸಿಕೊಂಡು ಅವಳು ನೆಟ್ಟಗೆ ಗೆಳತಿಯ ಮನೆಗೆ ನಡೆದಳು.

ಗೆಳತಿ ಅದೇ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಈಗ ಮೂರನೇ ಮಹಡಿಯ ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಮಂಡಿ ಮಡಚಲು ಬಾರದು, ಎಡಗಾಲನ್ನು ಸ್ಟೂಲಿನ ಮೇಲೆ ನೀಡಿ ಬಲಗಾಲಲ್ಲೇ ಯಂತ್ರ ತುಳಿಯುತ್ತಿದ್ದಳು. ಸುತ್ತ ಕಪ್ಪು, ಹೂಹೂವಿನ, ಬಣ್ಣ ಮಾಸಿದ ಛತ್ರಿಯ ಬಟ್ಟೆಗಳು. ರೋಗಿಗಳು ಮರೆತುಹೋದ ಛತ್ರಿಗಳನ್ನು ಆಸ್ಪತ್ರೆಯವರು ಎಸೆಯುವಾಗ ಎತ್ತಿಕೊಂಡು ಬಂದದ್ದು. ಎಕ್ಸ್‌ರೇ ಅಕ್ಕನಿಗೆ ಕಾಸು ಖರ್ಚಿಲ್ಲದ ಡೇರೆ ಸಿದ್ಧವಾಗುತ್ತಿತ್ತು.

ಬೂಟಿನ ಕಥೆ ಕೇಳಿ ಗೆಳತಿ ಬಿದ್ದು ಬಿದ್ದು ನಕ್ಕಳು. "ಬಾಗಿಲ ಹಿಂದೆ ನಂದಿದೆ ನೋಡು, ಹಾಕ್ಕೋ." ಇಬ್ಬರೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಅರ್ಧ ಬೆಲೆಗೆ ಕೊಂಡಿದ್ದ ಬೂಟುಗಳು. ಗೆಳತಿ ತನ್ನದನ್ನು ಡ್ಯೂಟಿಗೆ, ತರಕಾರಿಗೆ, ಹೆಣದ ಮನೆಗೆ, ಹೆರಿಗೆ ಮನೆಗೆ ಎಲ್ಲಕ್ಕೂ ಹಾಕಿ ತುಳಿದಿದ್ದಳು. ಚರ್ಮ ಸುಕ್ಕುಗಟ್ಟಿತ್ತು, ಅಟ್ಟೆ ಕಲ್ಲಿನ ಹಾಗಿತ್ತು. ಎರಡು ಸಾಕ್ಸ್ ಹಾಕಿದರೆ ಕಾಲಿಗೆ ಕೂರುತ್ತಿತ್ತು.

ಲೇಸು ಕಟ್ಟುತ್ತ ಎಕ್ಸ್‌ರೇ ಅಕ್ಕನ ಕಣ್ಣು ಸ್ಟೂಲಿನ ಮೇಲಿನ ಮಂಡಿಗೆ ಹೋಯಿತು. ಅದರ ಚಿತ್ರ ತೆಗೆದವಳು ಅವಳೇ. ಎರಡು ಮೂಳೆಯ ನಡುವೆ ಇರಬೇಕಾದ ಸಂದು ಇರಲಿಲ್ಲ ಎಂದು ಡಾಕ್ಟರಿಗಿಂತ ಮೊದಲೇ ಅವಳಿಗೆ ಗೊತ್ತಾಗಿತ್ತು. ಮೇಜಿನ ಮೇಲೆ ಮಲಗಿದ್ದ ಗೆಳತಿ "ಹೇಗಿದೆಯೇ?" ಎಂದಾಗ, "ಅಲ್ಲಾಡ್ಬೇಡ, ಸರಿಯಾಗಿ ಬಂದಿಲ್ಲ" ಎಂದು ಸುಳ್ಳು ಹೇಳಿ ಇನ್ನೊಂದು ತೆಗೆದಿದ್ದಳು.

"ಒಂದು ಮಾತು ಹೇಳ್ಲಾ?" ಎಂದಳು ತಲೆ ತಗ್ಗಿಸಿಕೊಂಡೇ. "ಮಂಡಿ ಆಪರೇಷನ್ ಮಾಡಿಸ್ಕೋ. ಇನ್ನೊಂದು ವರ್ಷ ತಡೆದು ಇಬ್ರೂ..."

ಯಂತ್ರ ನಿಂತಿತು.

"ಹನ್ನೆರಡು ವರ್ಷದಿಂದ ಪ್ರತಿ ಸಲ ನಾನು ಹೋಗೋಣ್ವಾ ಅಂತ ಕೇಳಿದಾಗ್ಲೂ 'ಇನ್ನೊಂದು ವರ್ಷ' ಅಂತಲೇ ಹೇಳ್ತಿದ್ದೆ ನೀನು."

"ದುಡ್ಡಿರ್ಲಿಲ್ಲ ಕಣೇ. ಡೇರೆ, ಚೀಲ, ಅದೂ ಇದೂ ಅಂತ ಅಂಗಡಿಯವನು ಹೇಳೋ ಬೆಲೆ ಕೇಳಿದ್ರೆ ಎದೆ ಧಸಕ್ ಅಂತಿತ್ತು. ಒಂದಿಷ್ಟು ಕೂಡಲಿ ಅಂತ..."

"ಈಗ ಎಷ್ಟು ಕೂಡಿದೆ?"

ಎಕ್ಸ್‌ರೇ ಅಕ್ಕ ಕಟ್ಟಿದ್ದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದಳು. ಗೆಳತಿ ಸೂಜಿಗೆ ದಾರ ಪೋಣಿಸುತ್ತ, ಬೈಗುಳವೂ ಅಲ್ಲ ತಮಾಷೆಯೂ ಅಲ್ಲ ಎಂಬಂತೆ ಹೇಳಿದಳು: "ಆಗ್ಲೂ ಜನ ಛತ್ರಿ ಮರೆತು ಹೋಗ್ತಿದ್ರು."

ಯಂತ್ರ ಮತ್ತೆ ಓಡಿತು. ಕೊನೆಯ ಅಂಚು ಮುಗಿದ ಮೇಲೆ ಎಕ್ಸ್‌ರೇ ಅಕ್ಕ ಡೇರೆಯ ಬಟ್ಟೆಯನ್ನು ನೆಲದ ಮೇಲೆ ಹರಡಿದಳು. ಅದು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಮುಟ್ಟಿತು.

"ಇಷ್ಟಗಲ ಯಾಕೆ ಮಾಡ್ದೆ? ಹೊತ್ಕೊಂಡು ಹೋಗೋಳು ನಾನು. ಟೂತ್‌ಬ್ರಷ್ಷಿನ ಹಿಡಿ ಕೂಡ ಭಾರ ಅಂತ ಮುರಿದಿಟ್ಟಿದೀನಿ."

ಗೆಳತಿ ನೋಡಿದಳು. ಗೋಡೆಗೆ ಅಂಟಿಸಿದ್ದ ಅಳತೆಯ ಚೀಟಿಯ ಕಡೆಗೂ ನೋಡಿದಳು. ಶಾಯಿ ಮಾಸಿಹೋದ ಚೀಟಿ.

"ಅಯ್ಯೋ, ನನ್ನ ಬುದ್ಧಿಗಿಷ್ಟು! ಹಳೇ ಅಳತೆ ಕಣೇ ಇದು. ಬೂಟು ಕೊಂಡಾಗ ಬರೆದಿಟ್ಟಿದ್ದು, ಇಬ್ರಿಗೆ ಅಂತ. ನೋಡ್ಲೇ ಇಲ್ಲ, ಹಾಗೇ ಹೊಲಿದ್ಬಿಟ್ಟೆ."

"ಇರ್ಲಿ ಬಿಡು. ಹೊತ್ಕೊಂಡೇ ಹೋಗ್ತೀನಿ."

"ನಲವತ್ತು ದಿನವಾ? ಬೆನ್ನು ಬಿದ್ದೋಗುತ್ತೆ." ಗೆಳತಿ ಕುರ್ಚಿಯಿಂದ ಕೆಳಗಿಳಿದು, ನೋಯುವ ಕಾಲನ್ನು ಕೈಯಿಂದಲೇ ಪಕ್ಕಕ್ಕೆ ಎತ್ತಿಟ್ಟುಕೊಂಡು ನೆಲದ ಮೇಲೆ ಕೂತಳು. ದೊಡ್ಡ ಕತ್ತರಿ ತೆಗೆದುಕೊಂಡು ಬಟ್ಟೆಯ ನಟ್ಟನಡುವೆ ಇಟ್ಟಳು.

"ಆ ತುದಿ ಹಿಡ್ಕೋ" ಎಂದಳು. "ಬಿಗಿಯಾಗಿ. ಸಡಿಲ ಬಿಟ್ರೆ ಸೊಟ್ಟಗೆ ಹೋಗುತ್ತೆ."